‘ಈ ನಂಬರ್ ಅಸ್ತಿತ್ವದಲ್ಲಿಲ್ಲ’ ಅಂತ ಬಂದ್ರೆ ತಕ್ಷಣ ಕಟ್ ಮಾಡ್ಬೇಡಿ, ಪೂರ್ತಿ ಕೇಳಿಸ್ಕೊಳ್ಳಿ

ಹೋದ ಬೇಸಿಗೇಲಿ ಒಂದಿನ ಬೆಳಗ್ಗೆ ಆರೂವರೆಗೆ ನಮ್ಮನೆ ಸಂಪಿನ ಮೋಟಾರ್ ಸುಟ್ಟೋಯ್ತು. ಹಿಂದಿನ ರಾತ್ರಿ ಕಾವೇರಿ ನೀರು ಬಂದು ಸಂಪು ತುಂಬಿದೆ, ಆದ್ರೆ ಮೇಲಿನ ಟ್ಯಾಂಕಲ್ಲಿ ಒಂದು ಚೊಂಬು ನೀರಿಲ್ಲ. ಮೋಟಾರ್ ರಿಪೇರಿಯವರ ನಂಬರ್ ಮೀಟರ್ ಬೋರ್ಡ್ ಪಕ್ಕ ಗೋಡೆ ಮೇಲೆ ಮಾರ್ಕರ್ ಪೆನ್ನಲ್ಲಿ ಬರೆದಿಟ್ಟಿದ್ವಿ, 9845ರಿಂದ ಶುರುವಾಗೋ ಹಳೇ ಬೆಂಗಳೂರು ನಂಬರ್. ನನ್ನ ಮೊದಲನೇ ಸಿಮ್ಮಿಂದ ಮಾಡಿದ್ರೆ ನೀವು ಡಯಲ್ ಮಾಡಿದ ಸಂಖ್ಯೆ ಅಸ್ತಿತ್ವದಲ್ಲಿಲ್ಲ ಅಂತ ಬಂತು. ಅದೇ ಫೋನಲ್ಲಿ ಎರಡನೇ ಸಿಮ್ ಬೇರೆ ಕಂಪನಿದು, ಅದ್ರಿಂದ ಮಾಡಿದ್ರೆ ಸ್ವಿಚ್ ಆಫ್ ಆಗಿದೆ ಅಂತು. ಮನೇಲಿ ಎಲ್ರೂ ‘ಆ ನಂಬರ್ ಹೋಗಿದೆ ಬಿಡು, ಬೇರೆ ಯಾರನ್ನಾದ್ರೂ ಕರಿ’ ಅಂದ್ರು. ನಾನು ಬಿಡ್ಲಿಲ್ಲ, ಯಾಕಂದ್ರೆ ಈ ಎರಡು ಮಾತಲ್ಲಿ ಎರಡನೇದನ್ನ ಸುಮ್ನೆ ಹೇಳೋಕಾಗಲ್ಲ, ಆ ನಂಬರ್ ಯಾರದೋ ಹೆಸರಲ್ಲಿ ಜೀವಂತ ಇದ್ರೆ ಮಾತ್ರ ನೆಟ್‌ವರ್ಕಿಗೆ ‘ಸ್ವಿಚ್ ಆಫ್’ ಅನ್ನೋದು ಗೊತ್ತಾಗತ್ತೆ. ಒಂದು ಎಸ್‌ಎಂಎಸ್ ಹಾಕಿ ಡೆಲಿವರಿ ರಿಪೋರ್ಟ್ ಆನ್ ಮಾಡಿಟ್ಟೆ. ಎಂಟು ಗಂಟೆಗೆ ‘ಡೆಲಿವರ್ಡ್’ ಅಂತ ಬಂತು, ತಕ್ಷಣ ಫೋನ್ ಮಾಡ್ದೆ, ಎತ್ತಿದ್ರು. ‘ಪೋರ್ಟ್ ಮಾಡಿಸಿದ್ದೆ ಸಾರ್, ಹೊಸ ಸಿಮ್ ಈಗ ಹಾಕ್ದೆ’ ಅಂದ್ರು. ಪೋರ್ಟ್ ಅಂದ್ರೆ ನಂಬರ್ ಅದೇ ಇಟ್ಕೊಂಡು ಕಂಪನಿ ಬದಲಾಯಿಸೋದು. ಒಂಬತ್ತೂವರೆಗೆ ಮೋಟಾರ್ ಬಿಚ್ಕೊಂಡು ಹೋದ್ರು.

ಅವತ್ತಿಂದ ನಾನು ಸಿಕ್ಕಿದವರಿಗೆಲ್ಲ ಇದನ್ನೇ ಹೇಳ್ತಿದೀನಿ. ಫೋನ್ ಕಂಪನಿಯವರು ಹಾಕೋ ಆ ರೆಕಾರ್ಡೆಡ್ ವಾಯ್ಸ್ ಎಲ್ಲಾ ಒಂದೇ ಅಲ್ಲ. ‘ಹೋಗ್ತಿಲ್ಲ’ ಅಂತ ನಾವು ಒಂದೇ ಮಾತಲ್ಲಿ ಮುಗಿಸ್ತೀವಲ್ಲ, ಅದ್ರೊಳಗೆ ಐದಾರು ಬೇರೆ ಬೇರೆ ಕಾರಣ ಇರತ್ತೆ. ಯಾವ ಮಾತಿಗೆ ಕಾಯ್ಬೇಕು, ಯಾವುದಕ್ಕೆ ನಂಬರ್ ತಿದ್ಬೇಕು, ಯಾವುದಕ್ಕೆ ಆಸೆ ಬಿಡ್ಬೇಕು ಅಂತ ಗೊತ್ತಿದ್ರೆ ಅರ್ಧ ದಿನದ ಓಡಾಟ ಉಳಿಯತ್ತೆ.

ಮೊದಲು, ನೀವು ಹಸಿರು ಬಟನ್ ಒತ್ತಿದ ಮೇಲೆ ಏನಾಗತ್ತೆ

ನಿಮ್ಮ ಕಾಲ್ ಮೊದಲು ನಿಮ್ಮ ಕಂಪನಿಯ ಸ್ವಿಚ್ಚಿಗೆ ಹೋಗತ್ತೆ, ಸ್ವಿಚ್ ಅಂದ್ರೆ ಇಲ್ಲಿ ಎಕ್ಸ್‌ಚೇಂಜ್ ಅಂತ ಇಟ್ಕೊಳ್ಳಿ. ಅದು ಮೊದಲು ನೋಡೋದು ನಂಬರಿನ ಆಕಾರ. ನಮ್ಮ ದೇಶದಲ್ಲಿ ಮೊಬೈಲ್ ನಂಬರ್ 10 ಅಂಕಿ, ಶುರುವಾಗೋದು 6, 7, 8 ಅಥವಾ 9ರಿಂದ. ಒಂದಂಕಿ ಕಮ್ಮಿ ಇದ್ರೆ ಅಥವಾ ಯಾರಿಗೂ ಕೊಡದೇ ಇರೋ ಸೀರೀಸ್ ಆಗಿದ್ರೆ ಕಾಲ್ ಅಲ್ಲಿಂದ ಆಚೆಗೇ ಹೋಗಲ್ಲ, ನಿಮ್ಮ ಕಂಪನಿನೇ ‘ಸಂಖ್ಯೆ ಪರಿಶೀಲಿಸಿ’ ಅಂತ ಹೇಳಿ ಕಳಿಸ್ಬಿಡತ್ತೆ. ಒತ್ತಿದ ಒಂದೆರಡು ಸೆಕೆಂಡಲ್ಲೇ, ಒಂದು ರಿಂಗೂ ಇಲ್ದೆ ವಾಯ್ಸ್ ಬಂದ್ರೆ ಬಹಳ ಸಲ ಇದೇ ಕಾರಣ, ನೀವು ಮತ್ತೆ ಒಂದೊಂದೇ ಅಂಕಿ ಓದ್ಕೊಂಡು ಡಯಲ್ ಮಾಡಿ ನೋಡಿ.

ನಂಬರ್ ಸರಿಯಾಗಿದ್ರೆ ಮುಂದಿನ ಪ್ರಶ್ನೆ, ಇದು ಈಗ ಯಾವ ಕಂಪನಿ ಹತ್ರ ಇದೆ ಅನ್ನೋದು. ಮೊದಲೆಲ್ಲಾ 9845 ಅಂದ್ರೆ ಇಂಥ ಕಂಪನಿ, 9448 ಅಂದ್ರೆ ಬಿಎಸ್‌ಎನ್‌ಎಲ್ ಅಂತ ಕಣ್ಮುಚ್ಚಿ ಹೇಳಬಹುದಿತ್ತು. 2011ರ ಜನವರಿ 20ಕ್ಕೆ ದೇಶಾದ್ಯಂತ ನಂಬರ್ ಪೋರ್ಟಬಿಲಿಟಿ ಬಂದ್ಮೇಲೆ ಆ ಲೆಕ್ಕ ಹೋಯ್ತು. ಈಗ ಪ್ರತಿ ಕಂಪನಿ ಹತ್ರಾನೂ ಪೋರ್ಟ್ ಆದ ನಂಬರ್‌ಗಳದ್ದೊಂದು ಪಟ್ಟಿ ಇರತ್ತೆ, ಪ್ರತಿ ಕಾಲಿಗೂ ಅದನ್ನ ನೋಡ್ಕೊಂಡೇ ಮುಂದೆ ಕಳಿಸ್ತಾರೆ. ಮನೆ ಬದಲಾಯಿಸ್ದಾಗ ಪೋಸ್ಟ್ ಆಫೀಸಲ್ಲಿ ಹೊಸ ಅಡ್ರೆಸ್ ಬರೆಸಿ ಬರ್ತಿದ್ವಲ್ಲ, ಹಾಗೆ.

ಆಮೇಲೆ ಆ ಕಂಪನಿಯವರ ಎಚ್‌ಎಲ್‌ಆರ್ ಅನ್ನೋ ಡೇಟಾಬೇಸಿಗೆ ಕೇಳತ್ತೆ. ಹಳ್ಳಿ ಶ್ಯಾನುಭೋಗರ ಪುಸ್ತಕ ಇದ್ದ ಹಾಗೆ ಅದು. ನಮ್ಮ ಊರಿನ ನಂಬರ್ ಯಾವ್ಯಾವುದು, ಯಾರದ್ದು ಚಾಲ್ತಿ ಇದೆ, ಯಾರದ್ದು ನಿಲ್ಲಿಸಿದೀವಿ, ಈಗ ಅವ್ರ ಫೋನ್ ಯಾವ ಏರಿಯಾ ಕಡೆ ಇದೆ, ಎಲ್ಲ ಅದ್ರಲ್ಲಿ ಬರೆದಿರತ್ತೆ. ಪುಸ್ತಕದಲ್ಲಿ ಆ ನಂಬರೇ ಇಲ್ಲ ಅಂದ್ರೆ ‘ಅಸ್ತಿತ್ವದಲ್ಲಿಲ್ಲ’. ನಂಬರ್ ಇದೆ ಆದ್ರೆ ಫೋನ್ ಆಫ್ ಅಂತ ಬರೆದಿದ್ರೆ ‘ಸ್ವಿಚ್ ಆಫ್’. ಎಲ್ಲಾ ಸರಿ ಇದ್ರೆ ಆ ಏರಿಯಾದ ಟವರ್‌ಗಳೆಲ್ಲ ಒಟ್ಟಿಗೆ ಆ ಫೋನನ್ನ ಕೂಗ್ತಾವೆ, ಅದು ‘ಇದೀನಿ’ ಅಂದ್ರೆ ರಿಂಗ್ ಆಗತ್ತೆ.

ಉತ್ತರ ವಾಪಸ್ ಬರೋದು ಮಾತಲ್ಲಲ್ಲ, ಒಂದು ಕೋಡ್ ನಂಬರಲ್ಲಿ. ಐಟಿಯು ಅನ್ನೋ ಅಂತರರಾಷ್ಟ್ರೀಯ ಸಂಸ್ಥೆ ಕ್ಯೂ.850 ಅಂತ ಒಂದು ಪಟ್ಟಿ ಮಾಡಿಟ್ಟಿದೆ. ಅದ್ರಲ್ಲಿ 1 ಅಂದ್ರೆ ಯಾರಿಗೂ ಕೊಡದ ನಂಬರ್, 17 ಅಂದ್ರೆ ಬಿಸಿ, 20 ಅಂದ್ರೆ ಗ್ರಾಹಕರು ನೆಟ್‌ವರ್ಕಲ್ಲಿಲ್ಲ, 22 ನಂಬರ್ ಬದಲಾಗಿದೆ, 27 ಆ ಕಡೆ ಲೈನ್ ಕೆಟ್ಟಿದೆ, 28 ನಂಬರಿನ ಆಕಾರ ತಪ್ಪು, 34 ಅಂದ್ರೆ ದಾರಿನೇ ಖಾಲಿ ಇಲ್ಲ. ಈಗಿನ ವೋಲ್ಟಿ (VoLTE) ಕಾಲ್‌ಗಳಲ್ಲಿ, ಅಂದ್ರೆ 4ಜಿ ಮೇಲೇ ಹೋಗೋ ಕಾಲ್‌ಗಳಲ್ಲಿ, ಇಂಟರ್ನೆಟ್ ಥರದ ಕೋಡ್ ಓಡತ್ತೆ, ವೆಬ್‌ಸೈಟ್ ಪೇಜ್ ಸಿಗದೇ ಇದ್ದಾಗ ಬರತ್ತಲ್ಲ ಅದೇ 404, ಫೋನ್ ನಂಬರ್ ಸಿಗದೇ ಇದ್ರೂ ಅದೇ 404. ಈ ಕೋಡನ್ನ ಯಾವ ವಾಕ್ಯಕ್ಕೆ ತಿರುಗಿಸಿ ನಮಗೆ ಕೇಳಿಸ್ಬೇಕು ಅನ್ನೋದು ಆಯಾ ಕಂಪನಿ ಸೆಟ್ಟಿಂಗ್. ಕೆಲವೊಂದ್ಸಲ ಆ ಕಡೆ ಕಂಪನಿನೇ ತನ್ನ ವಾಯ್ಸ್ ಕೇಳಿಸತ್ತೆ, ಕೆಲವೊಂದ್ಸಲ ಬರೀ ಕೋಡ್ ಕಳಿಸಿ ಸುಮ್ನಾಗತ್ತೆ, ಆಗ ನಮ್ಮ ಕಂಪನಿ ತನಗೆ ತೋಚಿದ ವಾಕ್ಯ ಹಾಕತ್ತೆ. ಅದಕ್ಕೇ ಒಂದೇ ನಂಬರಿಗೆ ಎರಡು ಸಿಮ್ಮಲ್ಲಿ ಎರಡು ಉತ್ತರ.

ಯಾವ ಮಾತಿಗೆ ಏನ್ ಮಾಡ್ಬೇಕು

‘ಸ್ವಿಚ್ ಆಫ್ ಆಗಿದೆ’ ಅಂದ್ರೆ ನಂಬರ್ ಜೀವಂತ ಇದೆ. ಫೋನನ್ನ ಸರಿಯಾಗಿ ಆಫ್ ಮಾಡ್ದಾಗ ಅದು ಹೋಗ್ತಾ ಹೋಗ್ತಾ ‘ನಾನು ಹೊರಟೆ’ ಅಂತ ನೆಟ್‌ವರ್ಕಿಗೆ ಒಂದು ಸಂದೇಶ ಕೊಟ್ಟು ಹೋಗತ್ತೆ, ಅದನ್ನ ಪುಸ್ತಕದಲ್ಲಿ ಬರ್ಕೋತಾರೆ. ಆದ್ರೆ ಅಪಾರ್ಟ್‌ಮೆಂಟ್ ಬೇಸ್‌ಮೆಂಟಿಗೆ ಗಾಡಿ ಇಳಿಸ್ದಾಗ, ಲಿಫ್ಟಲ್ಲಿ ಸಿಕ್ಕಾಕೊಂಡಾಗ, ಬ್ಯಾಟರಿ ಕಿತ್ತಾಗ ಹೇಳಿ ಹೋಗೋಕೆ ಫೋನಿಗೆ ಟೈಮೇ ಸಿಗಲ್ಲ. ಆಗ ನೆಟ್‌ವರ್ಕ್ ಅದು ಇನ್ನೂ ಇಲ್ಲೇ ಇದೆ ಅಂದ್ಕೊಂಡು ಕೂಗತ್ತೆ, ಉತ್ತರ ಬರಲ್ಲ, ಕೆಲವು ಸೆಕೆಂಡ್ ಮೌನ ಆದ್ಮೇಲೆ ‘ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ’ ಅಂತ ಬರತ್ತೆ. ಆ ಮೌನನ ಗಮನಿಸಿ, ಅದೇ ಗುರುತು. ಫೋನ್ ಆಗಾಗ್ಗೆ ತಾನಾಗೇ ‘ಇದೀನಿ’ ಅಂತ ಹಾಜರಿ ಹಾಕ್ತಿರ್ಬೇಕು, ತುಂಬ ಹೊತ್ತು ಹಾಜರಿ ಬರ್ಲಿಲ್ಲ ಅಂದ್ರೆ ನೆಟ್‌ವರ್ಕ್ ತಾನೇ ‘ಇಲ್ಲ’ ಅಂತ ಬರ್ಕೊಂಡ್ಬಿಡತ್ತೆ, ಹಾಗಾಗಿ ಬೆಳಗ್ಗೆ ‘ವ್ಯಾಪ್ತಿಯ ಹೊರಗೆ’ ಅಂತಿದ್ದದ್ದು ಮಧ್ಯಾಹ್ನ ‘ಸ್ವಿಚ್ ಆಫ್’ ಆದ್ರೆ ಯಾರೋ ಬೇಕಂತ ಆಫ್ ಮಾಡಿದಾರೆ ಅಂತ ಗಾಬರಿ ಬೀಳ್ಬೇಡಿ. ಮಕ್ಕಳು ಟ್ರೆಕ್ಕಿಂಗ್ ಹೋದಾಗ ಮನೇಲಿ ಕೂತವರಿಗೆ ಇದು ಗೊತ್ತಿರಲೇಬೇಕು ಅಂತ ನನ್ನ ಅಭಿಪ್ರಾಯ, ಸಿಗ್ನಲ್ ಇಲ್ಲದ ಬೆಟ್ಟ ಹತ್ತಿದ ಫೋನು ಈ ಎರಡೂ ಮಾತು ಆಡಿಸತ್ತೆ.

ಈ ಎರಡಕ್ಕೂ ಮಾಡೋ ಕೆಲಸ ಒಂದೇ. ಎಸ್‌ಎಂಎಸ್ ಹಾಕಿ, ವಾಟ್ಸಾಪ್ ಅಲ್ಲ, ಮಾಮೂಲಿ ಎಸ್‌ಎಂಎಸ್. ಹೆಚ್ಚಿನ ಆಂಡ್ರಾಯ್ಡ್ ಫೋನ್‌ಗಳ ಮೆಸೇಜ್ ಆಪ್ ಸೆಟ್ಟಿಂಗಲ್ಲಿ ಡೆಲಿವರಿ ರಿಪೋರ್ಟ್ ಅಂತಿರತ್ತೆ, ಆನ್ ಮಾಡ್ಕೊಳ್ಳಿ. ಆ ಕಡೆ ಫೋನ್ ಆಫ್ ಇದ್ರೂ ಮೆಸೇಜ್ ಸ್ವಲ್ಪ ಕಾಲ ಕಂಪನಿ ಸರ್ವರಲ್ಲಿ ಕಾಯ್ತಿರತ್ತೆ, ಫೋನ್ ಆನ್ ಆದ ಕೂಡ್ಲೇ ತಲುಪತ್ತೆ, ನಿಮಗೆ ರಿಪೋರ್ಟ್ ಬರತ್ತೆ. ಹತ್ತು ಸಲ ರೀಡಯಲ್ ಮಾಡೋದು ತಪ್ಪತ್ತೆ.

‘ತಾತ್ಕಾಲಿಕವಾಗಿ ಸೇವೆಯಲ್ಲಿಲ್ಲ’ ಅಥವಾ ‘ಈ ಸಂಖ್ಯೆಗೆ ಒಳಬರುವ ಕರೆ ಸೌಲಭ್ಯ ಇಲ್ಲ’ ಅನ್ನೋ ಅರ್ಥದ ಮಾತು ಬಂದ್ರೆ, ನಂಬರ್ ಇನ್ನೂ ಅವರದ್ದೇ, ಬಹಳ ಸಲ ದುಡ್ಡಿನ ವಿಷಯ. ಪೋಸ್ಟ್‌ಪೇಯ್ಡ್ ಬಿಲ್ ಕಟ್ಟಿಲ್ಲ, ಪ್ರೀಪೇಯ್ಡ್ ಪ್ಯಾಕ್ ಮುಗಿದು ಸುಮಾರು ದಿನ ಆಗಿದೆ, ಇಲ್ಲಾ ಫೋನ್ ಕಳ್ಕೊಂಡು ಅವ್ರೇ ಸಿಮ್ ಬ್ಲಾಕ್ ಮಾಡ್ಸಿದಾರೆ. ವಯಸ್ಸಾದ ಅತ್ತೆ ಮಾವ ಯಾರದ್ದಾದ್ರೂ ನಂಬರಿಗೆ ಹೀಗೆ ಬಂದ್ರೆ ಇಲ್ಲಿಂದಲೇ ಯುಪಿಐ ಆಪಲ್ಲಿ ಅವ್ರ ನಂಬರ್ ಹಾಕಿ ರೀಚಾರ್ಜ್ ಮಾಡಿ ನೋಡಿ, ಎಷ್ಟೋ ಸಲ ಸ್ವಲ್ಪ ಹೊತ್ತಲ್ಲೇ ರಿಂಗ್ ಆಗತ್ತೆ. ಅವ್ರಿಗೆ ರೀಚಾರ್ಜ್ ಮುಗಿದಿದೆ ಅಂತಾನೇ ಗೊತ್ತಿರಲ್ಲ, ‘ಯಾರೂ ಫೋನೇ ಮಾಡಲ್ಲ’ ಅಂತ ಬೇಜಾರಲ್ಲಿ ಕೂತಿರ್ತಾರೆ.

‘ಅಸ್ತಿತ್ವದಲ್ಲಿಲ್ಲ’ ಅಂದಾಗ ಮಾತ್ರ ಸ್ವಲ್ಪ ಪತ್ತೆ ಕೆಲಸ. ಮೊದಲು ಅಂಕಿ ಸರಿ ನೋಡಿ. ಆಮೇಲೆ ಬೇರೆ ಕಂಪನಿ ಸಿಮ್ಮಿಂದ ಮಾಡಿ. ಎರಡೂ ಕಡೆ ಅದೇ ಮಾತು ಬಂದ್ರೆ ಮಾರನೇ ದಿನ ಇನ್ನೊಂದ್ಸಲ ಮಾಡಿ, ಯಾಕಂದ್ರೆ ಪೋರ್ಟ್ ಆಗ್ತಿರೋ ಕೆಲವು ಗಂಟೆ ನಂಬರ್ ಹಳೇ ಪುಸ್ತಕದಿಂದ ಹರಿದಿರತ್ತೆ, ಹೊಸದ್ರಲ್ಲಿ ಬರೆದಿರಲ್ಲ, ಅಥವಾ ನಿಮ್ಮ ಕಂಪನಿ ಪಟ್ಟಿ ಇನ್ನೂ ಅಪ್‌ಡೇಟ್ ಆಗಿರಲ್ಲ, ನಮ್ಮ ಮೋಟಾರಿನವರ ಕಥೆ ಅದೇ. ಮೂರನೇ ದಿನಾನೂ ಎರಡೂ ಸಿಮ್ಮಲ್ಲಿ ಅದೇ ಬಂದ್ರೆ ನಂಬರ್ ಹೋಗಿದೆ.

ಇಲ್ಲೊಂದು ಮೋಸ ಹೋಗೋ ಜಾಗ ಇದೆ. ವಾಟ್ಸಾಪಲ್ಲಿ ಅವ್ರ ಫೋಟೋ ಇನ್ನೂ ಕಾಣ್ತಿದೆ, ಹಾಗಾಗಿ ನಂಬರ್ ಇದೆ ಅಂತ ಅಂದ್ಕೊಳ್ಬೇಡಿ. ಸಿಮ್ ಸತ್ತಿದ್ರೂ ವಾಟ್ಸಾಪ್ ವೈಫೈ ಮೇಲೆ ಓಡ್ತಿರಬಹುದು, ಯಾರೂ ಬಳಸದೇ ಇದ್ರೂ 120 ದಿನದ ತನಕ ಅಕೌಂಟ್ ಹಾಗೇ ಇರತ್ತೆ. ಆದ್ರೆ ಇದ್ರಲ್ಲಿ ಲಾಭಾನೂ ಇದೆ, ಮೆಸೇಜಿಗೆ ಎರಡು ಟಿಕ್ ಬಂದ್ರೆ ಆ ಮನುಷ್ಯ ಇನ್ನೂ ಆ ಅಕೌಂಟ್ ಬಳಸ್ತಿದಾರೆ ಅಂತ, ಹೊಸ ನಂಬರ್ ಕೇಳ್ಕೊಳ್ಳಿ.

ಇನ್ನೊಂದು ಗುರುತು, ಸ್ಕ್ರೀನ್ ಮೇಲಿನ ಟೈಮರ್. ನೆಟ್‌ವರ್ಕ್ ಹೇಳೋ ಈ ಅನೌನ್ಸ್‌ಮೆಂಟಿಗೆಲ್ಲ ದುಡ್ಡಿಲ್ಲ, ಆ ಕಡೆಯಿಂದ ‘ಫೋನ್ ಎತ್ತಿದ್ರು’ ಅನ್ನೋ ಸಿಗ್ನಲ್ ಬರೋಕೆ ಮುಂಚೆನೇ ಅದು ಕೇಳಿಸೋದು, ಹಾಗಾಗಿ ಟೈಮರ್ ಓಡಲ್ಲ. ಟೈಮರ್ 00:01, 00:02 ಅಂತ ಓಡ್ತಾ ಇದ್ದು ‘ಈ ನಂಬರ್ ಲಭ್ಯವಿಲ್ಲ’ ಅಂತ ಕೇಳಿಸ್ತಿದ್ರೆ, ಯಾವುದೋ ಮೆಷಿನ್ ಎತ್ತಿದೆ, ಇಲ್ಲಾ ಕಾಲ್ ಬೇರೆ ಕಡೆಗೆ ಫಾರ್ವರ್ಡ್ ಆಗಿದೆ ಅಂತ ಅರ್ಥ. ನಿಮ್ಮ ನಂಬರಿಗೇ ಬೇರೆಯವರು ಮಾಡ್ದಾಗ ವಿಚಿತ್ರ ಉತ್ತರ ಬರ್ತಿದ್ರೆ *#21# ಡಯಲ್ ಮಾಡಿ, ಕಾಲ್ ಫಾರ್ವರ್ಡ್ ಇದೆಯಾ ಅಂತ ತೋರಿಸತ್ತೆ, ಇದ್ರೆ ##002# ಹೊಡೆದು ಎಲ್ಲ ತೆಗೀರಿ.

ಮಕ್ಕಳು ಅಮೆರಿಕದಲ್ಲಿರೋ ಮನೆಗಳಿಗೆ ಒಂದು ಮಾತು. ಅಲ್ಲಿನ ತಪ್ಪು ನಂಬರಿಗೆ ಮಾಡ್ದಾಗ ಮೊದಲು ಏರ್ತಾ ಹೋಗೋ ಮೂರು ‘ಟೂ-ಟೀ-ಟೀ’ ಸದ್ದು ಕೇಳಿಸತ್ತಲ್ಲ, ಅದು ಫೋನ್ ಕೆಟ್ಟಿದ್ದಲ್ಲ. ಸುಮಾರು 950, 1400, 1800 ಹರ್ಟ್ಸಿನ ಮೂರು ಸ್ವರ, ಒಂದೊಂದೂ ಹೆಚ್ಚುಕಮ್ಮಿ ಸೆಕೆಂಡಿನ ಮೂರನೇ ಒಂದು ಭಾಗದಷ್ಟು. ಈಗ ಬರೋದು ಮನುಷ್ಯರ ದನಿ ಅಲ್ಲ, ರೆಕಾರ್ಡಿಂಗ್ ಅಂತ ತಾನಾಗೇ ಡಯಲ್ ಮಾಡೋ ಮೆಷಿನ್‌ಗಳಿಗೂ ಗೊತ್ತಾಗ್ಲಿ ಅಂತ ಅಂತರರಾಷ್ಟ್ರೀಯವಾಗಿ ಒಪ್ಕೊಂಡಿರೋ ಗುರುತು.

ಲ್ಯಾಂಡ್‌ಲೈನ್ ವಿಷಯ ಬೇಗ ಹೇಳಿಬಿಡ್ತೀನಿ. ಅವೆನ್ಯೂ ರೋಡ್, ಚಿಕ್ಕಪೇಟೆ, ಮಲ್ಲೇಶ್ವರದ ಹಳೇ ಅಂಗಡಿ ಬೋರ್ಡುಗಳಲ್ಲಿ ಇನ್ನೂ 7 ಅಂಕಿ ನಂಬರ್ ಕಾಣ್ತವೆ. ಬೆಂಗಳೂರಲ್ಲಿ 8 ಅಂಕಿ ಮಾಡ್ದಾಗ ಹಳೇ ಬಿಎಸ್‌ಎನ್‌ಎಲ್ ನಂಬರಿನ ಮುಂದೆ 2 ಸೇರಿಸಿದ್ರು, ಹಾಗಾಗಿ ಆ 7 ಅಂಕಿಗೆ ಮೊದಲು 2 ಹಾಕಿ ಮೊಬೈಲಿಂದ 080 ಸೇರಿಸಿ ಮಾಡಿ ನೋಡಿ, ಅಂಗಡಿ ಅದೇ ಜಾಗದಲ್ಲಿದ್ರೆ ಹೋದ್ರೂ ಹೋಗತ್ತೆ. ಹೊರದೇಶದಿಂದ ಮಾಡುವಾಗ +91 ಆದ್ಮೇಲೆ ಸೊನ್ನೆ ಬೇಡ, ನೇರ 80. ಮನೆ ಲ್ಯಾಂಡ್‌ಲೈನಿಂದ ಮೊಬೈಲಿಗೆ ಮಾಡೋದಾದ್ರೆ 2021ರ ಜನವರಿ 15ರಿಂದ ಮುಂದೆ ಸೊನ್ನೆ ಕಡ್ಡಾಯ, ನಮ್ಮ ದೊಡ್ಡಪ್ಪ ಈಗ್ಲೂ ಮರೀತಾರೆ, ಮರೆತು ‘ಎಲ್ಲರ ಮೊಬೈಲೂ ಕೆಟ್ಟಿದೆ’ ಅಂತಾರೆ.

ನಂಬರ್ ಸಾಯೋದು ಹೇಗೆ, ಉಳಿಸ್ಕೊಳ್ಳೋದು ಹೇಗೆ

ಇದನ್ನ ಬರೆಯೋಕೆ ಕೂತಿದ್ದೇ ಈ ಭಾಗಕ್ಕೋಸ್ಕರ. ನಮ್ಮಮ್ಮಂದು ಒಂದು ಕೀಪ್ಯಾಡ್ ಫೋನಿತ್ತು. ಸ್ಮಾರ್ಟ್‌ಫೋನ್ ಕೊಡಿಸ್ದಾಗ ಹೊಸ ನಂಬರ್ ತಗೊಂಡ್ವಿ, ಹಳೇ ಫೋನ್ ಬೀರುವಿನಲ್ಲಿ ಸೀರೆ ಮಧ್ಯೆ ಇಟ್ಟಿದ್ರು. ಪೆನ್ಷನ್ ಬರೋ ಬ್ಯಾಂಕ್ ಅಕೌಂಟಿಗೆ, ಗ್ಯಾಸ್ ಬುಕಿಂಗಿಗೆ, ಆಧಾರಿಗೆ ಆ ಹಳೇ ನಂಬರೇ. ರೀಚಾರ್ಜ್ ಮಾಡೋದು ನನಗೂ ನೆನಪಾಗ್ಲಿಲ್ಲ. ಎಷ್ಟೋ ತಿಂಗಳಾದ್ಮೇಲೆ ಬ್ಯಾಂಕಿನ ಒಟಿಪಿ ಬೇಕಾಯ್ತು, ಬರ್ಲಿಲ್ಲ. ಆ ನಂಬರಿಗೆ ನಾನೇ ಫೋನ್ ಮಾಡ್ದೆ, ‘ಅಸ್ತಿತ್ವದಲ್ಲಿಲ್ಲ’ ಅಂತ ಬರತ್ತೆ ಅಂದ್ಕೊಂಡಿದ್ದೆ, ರಿಂಗ್ ಆಯ್ತು. ರಾಯಚೂರು ಕಡೆ ಹುಡುಗ ಒಬ್ಬ ಎತ್ತಿದ. ‘ಬ್ಯಾಂಕಿನ ಮೆಸೇಜ್ ಎಲ್ಲಾ ನನಗ ಬರಾಕತ್ತಾವ್ರೀ, ಯಾರವು ಅಂತ ಗೊತ್ತಾಗವಲ್ದು, ನೀವು ಮಾಡಿದ್ದು ಚಲೋ ಆತು ನೋಡ್ರಿ’ ಅಂದ. ಒಳ್ಳೇ ಹುಡುಗ. ಪ್ರತಿ ಸಲ ಒಳ್ಳೇವರೇ ಸಿಗ್ತಾರೆ ಅಂತ ನಂಬ್ಕೊಂಡು ಕೂರೋ ವಿಷಯ ಅಲ್ಲ ಇದು. ಅಮ್ಮನಿಗೆ ಅವತ್ತು ಆದ ಆತಂಕ, ‘ನನ್ನ ನಂಬರ್ ನಂದಲ್ವಾ’ ಅಂತ ಕೇಳಿದ್ದು, ನನಗೆ ಇನ್ನೂ ಕಿವೀಲಿದೆ.

ನಂಬರ್ ನಮ್ಮದಲ್ಲ, ಅದೇ ಸತ್ಯ. ಸರ್ಕಾರದ ಟೆಲಿಕಾಂ ಇಲಾಖೆ ಕಂಪನಿಗಳಿಗೆ ನಂಬರ್ ಸೀರೀಸ್ ಕೊಡತ್ತೆ, ಕಂಪನಿ ನಮಗೆ ಬಳಸೋಕೆ ಕೊಡತ್ತೆ. ಬಳಸ್ದೇ ಬಿಟ್ರೆ ವಾಪಸ್ ತಗೊಳತ್ತೆ. ಪೋರ್ಟ್ ಆಗಿದ್ದ ನಂಬರ್ ಆಗಿದ್ರೆ ಅದು ಮೊದಲು ಯಾವ ಕಂಪನಿ ಸೀರೀಸಿಂದೋ ಅವರ ಬುಟ್ಟಿಗೇ ಹೋಗತ್ತೆ.

ಇದಕ್ಕೆ ಟ್ರಾಯ್, ಅಂದ್ರೆ ಫೋನ್ ಕಂಪನಿಗಳಿಗೆ ನಿಯಮ ಹಾಕೋ ಟೆಲಿಕಾಂ ನಿಯಂತ್ರಣ ಪ್ರಾಧಿಕಾರ, 2013ರಲ್ಲಿ ನಿಯಮ ಮಾಡಿದೆ. ಪ್ರೀಪೇಯ್ಡ್ ನಂಬರನ್ನ 90 ದಿನ ಒಂದು ಕಾಲ್, ಒಂದು ಮೆಸೇಜ್, ಒಂದು ಡೇಟಾ ಬಳಕೆನೂ ಇಲ್ದೆ ಇದ್ರೆ ಮಾತ್ರ ಡಿಆಕ್ಟಿವೇಟ್ ಮಾಡಬಹುದು. 90 ದಿನ ಆದಾಗ್ಲೂ ಅಕೌಂಟಲ್ಲಿ 20 ರೂಪಾಯಿ ಬ್ಯಾಲೆನ್ಸ್ ಇದ್ರೆ ಅದನ್ನ ಕಟ್ ಮಾಡ್ಕೊಂಡು ಇನ್ನೂ 30 ದಿನ ಉಳಿಸ್ಬೇಕು, ಬ್ಯಾಲೆನ್ಸ್ ಇರೋ ತನಕ ಹೀಗೇ ಮುಂದುವರಿಯತ್ತೆ. ಡಿಆಕ್ಟಿವೇಟ್ ಆದ್ಮೇಲೂ 15 ದಿನ ಗ್ರೇಸ್ ಇದೆ, ಅಷ್ಟರೊಳಗೆ ಹೋಗಿ ಕೇಳಿದ್ರೆ ಅದೇ ನಂಬರ್ ಚಾಲೂ ಮಾಡ್ಕೊಡ್ಬೇಕು. ಇಲ್ಲಿ ಗಮನಿಸ್ಬೇಕಾದ್ದು, ಬ್ಯಾಲೆನ್ಸ್ ಅಂದ್ರೆ ಮೇನ್ ಬ್ಯಾಲೆನ್ಸ್, ಟಾಪ್‌ಅಪ್ ಹಾಕಿದ ಟಾಕ್‌ಟೈಮ್ ದುಡ್ಡು. ನಾವೀಗ ಹಾಕ್ಸೋದೆಲ್ಲ ಪ್ಯಾಕು, ಪ್ಯಾಕ್ ಹಾಕಿದ್ರೆ ಮೇನ್ ಬ್ಯಾಲೆನ್ಸ್ ಸೊನ್ನೆನೇ ಇರತ್ತೆ. ಹಾಗಾಗಿ ಬೀರುವಿನಲ್ಲಿರೋ ಸಿಮ್ಮಿಗೆ ಒಂದು ಸಣ್ಣ ಟಾಪ್‌ಅಪ್ ಹಾಕಿ ಬ್ಯಾಲೆನ್ಸ್ ಬಿಟ್ಟಿರಿ. ಹಾಗಂತ ಟಾಪ್‌ಅಪ್ ಇದೆ ಅಂತ ಒಟಿಪಿ ಬರತ್ತೆ ಅಂದ್ಕೊಳ್ಬೇಡಿ, ನಂಬರ್ ಉಳಿಯೋದು ಬೇರೆ, ಸೇವೆ ನಡೆಯೋದು ಬೇರೆ, ಅದಕ್ಕೆ ಪ್ಯಾಕ್ ಬೇಕು.

ಡೇಟಾ ಬೇಡದ ಹಿರಿಯರಿಗೆ ಬರೀ ಕಾಲ್ ಮತ್ತು ಎಸ್‌ಎಂಎಸ್ ಇರೋ ಪ್ಯಾಕ್ ಕೊಡಲೇಬೇಕು ಅಂತ 2024ರ ಡಿಸೆಂಬರಲ್ಲಿ ಟ್ರಾಯ್ ಕಂಪನಿಗಳಿಗೆ ನಿಯಮ ಮಾಡಿದೆ, ಇಂಥ ಪ್ಯಾಕಿನ ವ್ಯಾಲಿಡಿಟಿ 365 ದಿನದ ತನಕ ಇರಬಹುದು. ಆಪ್ ತೆಗೆದ್ರೆ ಮೊದಲಿಗೆ ಕಾಣೋದು ದೊಡ್ಡ ದೊಡ್ಡ ಡೇಟಾ ಪ್ಯಾಕೇ, ಕೆಳಗೆ ಸ್ಕ್ರೋಲ್ ಮಾಡಿ ಹುಡುಕಿ, ಇಲ್ಲಾ ಅಂಗಡಿಯವರಿಗೆ ‘ಬರೀ ವಾಯ್ಸ್ ಪ್ಯಾಕ್, ವರ್ಷದ್ದು’ ಅಂತ ಹೇಳಿ ಕೇಳಿ. ನಾನು ಅಮ್ಮನ ನಂಬರಿಗೆ ಈಗ ವರ್ಷಕ್ಕೊಂದ್ಸಲ ಯುಗಾದಿ ದಿನ ಹಾಕ್ಸ್ತೀನಿ, ಮರೆಯಲ್ಲ.

ಪೋಸ್ಟ್‌ಪೇಯ್ಡ್ ಇರೋರು ಮಕ್ಕಳ ಮನೆಗೆ ಅಂತ ಆರು ತಿಂಗಳು ಹೊರದೇಶಕ್ಕೆ ಹೋಗೋದಾದ್ರೆ ‘ಸೇಫ್ ಕಸ್ಟಡಿ’ ಅಂತ ಕೇಳಿ, ಅದೂ ಅದೇ 2013ರ ನಿಯಮದಲ್ಲೇ ಇದೆ, ಮೂರು ಮೂರು ತಿಂಗಳ ಲೆಕ್ಕದಲ್ಲಿ ಸಣ್ಣ ಶುಲ್ಕಕ್ಕೆ ನಂಬರ್ ಎತ್ತಿಟ್ಟಿರ್ತಾರೆ. ಕೌಂಟರಲ್ಲಿ ಕೂತಿರೋ ಹುಡುಗರಿಗೆ ಕೆಲವೊಂದ್ಸಲ ಇದು ಗೊತ್ತಿರಲ್ಲ, ಸ್ಟೋರ್ ಮ್ಯಾನೇಜರ್ ಹತ್ರ ಕೇಳಿ.

ಕೆಲವೊಂದ್ಸಲ ನಮ್ಮ ತಪ್ಪಿಲ್ದೇನೂ ನಂಬರ್ ಹೋಗತ್ತೆ. ರಿಲಯನ್ಸ್ ಕಮ್ಯುನಿಕೇಶನ್ಸ್ 2017ರ ಡಿಸೆಂಬರ್ 1ರಿಂದ ವಾಯ್ಸ್ ಸರ್ವೀಸ್ ನಿಲ್ಲಿಸ್ತು, 2018ರ ಫೆಬ್ರವರಿಯಲ್ಲಿ ಏರ್‌ಸೆಲ್ ದಿವಾಳಿ ಅರ್ಜಿ ಹಾಕ್ತು, ಆ ಗ್ರಾಹಕರೆಲ್ಲ ಇದ್ದ ನಂಬರ್ ಉಳಿಸ್ಕೊಳ್ಳೋಕೆ ಬೇರೆ ಕಂಪನಿಗೆ ಪೋರ್ಟ್ ಆಗ್ಬೇಕಾಯ್ತು. ನಿಮ್ಮ ಏರಿಯಾದಲ್ಲಿ ಸಿಗ್ನಲ್ ದಿನಾ ಕೆಡ್ತಾ ಹೋಗ್ತಿದ್ರೆ, ಕಂಪನಿ ಬಾಗಿಲು ಹಾಕೋ ಸುದ್ದಿ ಬಂದ್ರೆ ಕಾಯ್ಬೇಡಿ, ಪೋರ್ಟ್ ಅಂತ ಇಂಗ್ಲಿಷಲ್ಲಿ ಟೈಪ್ ಮಾಡಿ ಸ್ಪೇಸ್ ಬಿಟ್ಟು ನಿಮ್ಮ ನಂಬರ್ ಹಾಕಿ 1900ಕ್ಕೆ ಕಳಿಸಿ, ಹೊಸ ಕಂಪನಿಗೆ ಕೊಡೋಕೆ 8 ಅಕ್ಷರದ ಯುಪಿಸಿ ಅನ್ನೋ ಪೋರ್ಟಿಂಗ್ ಕೋಡ್ ಬರತ್ತೆ, ಅದು ನಮ್ಮಲ್ಲಿ 4 ದಿನ ಮಾತ್ರ ನಡೆಯತ್ತೆ. ಪೋರ್ಟ್ ಆದ್ಮೇಲೆ ನಾಲ್ಕೈದು ಜನಕ್ಕೆ ಬೇರೆ ಬೇರೆ ಕಂಪನಿಯಿಂದ ಫೋನ್ ಮಾಡೋಕೆ ಹೇಳಿ. ಒಂದು ಕಂಪನಿಯವರಿಗೆ ಮಾತ್ರ ‘ಅಸ್ತಿತ್ವದಲ್ಲಿಲ್ಲ’ ಅಂತ ಬರ್ತಿದ್ರೆ ಸುಮ್ನಿರ್ಬೇಡಿ, ಯಾವ ಕಂಪನಿ, ಯಾವ ನಂಬರಿಂದ, ಎಷ್ಟು ಗಂಟೆಗೆ ಅಂತ ಬರ್ಕೊಂಡು ನಿಮ್ಮ ಹೊಸ ಕಂಪನಿ ಕಸ್ಟಮರ್ ಕೇರಿಗೆ ದೂರು ಕೊಡಿ, ಡಾಕೆಟ್ ನಂಬರ್, ಅಂದ್ರೆ ದೂರಿನ ನಂಬರ್, ತಗೊಳ್ಳಿ. ‘ಕಾಲ್ ಬರ್ತಿಲ್ಲ’ ಅಂತ ಬರೀ ಅಷ್ಟೇ ಹೇಳಿದ್ರೆ ‘ಫೋನ್ ರೀಸ್ಟಾರ್ಟ್ ಮಾಡಿ’ ಅಂತಾರೆ, ಈ ವಿವರ ಕೊಟ್ರೆ ಅವ್ರು ನೆಟ್‌ವರ್ಕ್ ಟೀಮಿಗೆ ಕಳಿಸ್ಲೇಬೇಕಾಗತ್ತೆ. ಆಗ್ಲಿಲ್ಲ ಅಂದ್ರೆ ಅದೇ ಕಂಪನಿಯ ಅಪೀಲು ಪ್ರಾಧಿಕಾರಕ್ಕೆ ಹೋಗಿ. ಟ್ರಾಯ್ ಒಬ್ಬೊಬ್ಬರ ದೂರು ತಗೊಳಲ್ಲ, ಅಲ್ಲಿಗೆ ಬರೆದು ಕಾಯ್ತಾ ಕೂರ್ಬೇಡಿ.

ನಂಬರ್ ಆಗಲೇ ಹೋಗಿದ್ರೆ

ಡಿಆಕ್ಟಿವೇಟ್ ಆದ ನಂಬರನ್ನ ಕನಿಷ್ಠ 90 ದಿನ ಯಾರಿಗೂ ಕೊಡಲ್ಲ ಅಂತ 2023ರಲ್ಲಿ ಟ್ರಾಯ್ ಸುಪ್ರೀಂ ಕೋರ್ಟಿಗೆ ಹೇಳಿದೆ. ಅಂದ್ರೆ ನಿಮಗೆ ಸಿಗೋ ಟೈಮ್ ಅಷ್ಟೇ. ಆ ಮೂರು ತಿಂಗಳಲ್ಲಿ ಫೋನ್ ಮಾಡಿದ್ರೆ ‘ಅಸ್ತಿತ್ವದಲ್ಲಿಲ್ಲ’ ಅಂತ ಬರತ್ತೆ, ಆ ಮಾತು ಬರ್ತಿರೋ ತನಕ ನಂಬರ್ ಇನ್ನೂ ಯಾರ ಕೈಗೂ ಹೋಗಿಲ್ಲ ಅಂತ ತಿಳ್ಕೊಂಡು ಓಡಾಡಿ.

ಮೊದಲು ಬ್ಯಾಂಕು. ನೆಟ್ ಬ್ಯಾಂಕಿಂಗಲ್ಲಿ ಬದಲಾಯಿಸೋಕೆ ಹಳೇ ನಂಬರಿಗೇ ಒಟಿಪಿ ಹೋಗತ್ತೆ, ಆಗಲ್ಲ, ಬ್ರಾಂಚಿಗೇ ಪಾಸ್‌ಬುಕ್ಕು, ಐಡಿ ತಗೊಂಡು ಹೋಗಿ ಫಾರಂ ತುಂಬಿ. ಆಮೇಲೆ ಆಧಾರ್, ಅದಕ್ಕೆ ಆಧಾರ್ ಸೇವಾ ಕೇಂದ್ರಕ್ಕೆ ಹೋಗಬಹುದು, ನಡೆಯೋಕಾಗದ ಹಿರಿಯರಿದ್ರೆ ಹತ್ತಿರದ ಪೋಸ್ಟ್ ಆಫೀಸಲ್ಲಿ ವಿಚಾರಿಸಿ, ಮನೆಗೇ ಬಂದು ಮೊಬೈಲ್ ನಂಬರ್ ಅಪ್‌ಡೇಟ್ ಮಾಡೋ ಪೋಸ್ಟ್‌ಮ್ಯಾನ್ ಸೇವೆ ಇದೆ. ನಮ್ಮಮ್ಮನಿಗೆ ಹಾಗೇ ಮಾಡ್ಸಿದ್ದು, ಪೋಸ್ಟ್‌ಮ್ಯಾನ್ ಬೆರಳಚ್ಚಿನ ಮೆಷಿನ್ ತಂದು ಹಾಲಲ್ಲೇ ಕೂತು ಮಾಡ್ಕೊಟ್ರು, ಅಮ್ಮ ಬಲವಂತ ಮಾಡಿ ಕಾಫಿ ಕುಡಿಸಿ ಕಳಿಸಿದ್ರು. ಗ್ಯಾಸು, ಎಲ್‌ಐಸಿ, ಪಾನ್, ಇಮೇಲ್ ರಿಕವರಿ ನಂಬರ್, ಇವೆಲ್ಲ ಆಮೇಲೆ. ವಾಟ್ಸಾಪಲ್ಲಿ ಹಳೇ ನಂಬರ್ ಹಾಗೇ ಬಿಡ್ಬೇಡಿ, ಸೆಟ್ಟಿಂಗಲ್ಲಿ ನಂಬರ್ ಬದಲಾವಣೆ ಅಂತಿದೆ, ಹೊಸದಕ್ಕೆ ಮಾಡ್ಕೊಳ್ಳಿ.

ಸತ್ತ ನಂಬರ್‌ಗಳ ಪಟ್ಟಿ ಸರ್ಕಾರ ಬ್ಯಾಂಕುಗಳಿಗೆ ಕೊಡತ್ತೆ, ಅದನ್ನ ನೋಡಿ ಡೇಟಾಬೇಸ್ ಸರಿ ಮಾಡ್ಕೊಳ್ಳಿ ಅಂತ ಆರ್‌ಬಿಐ 2025ರ ಜನವರಿಯಲ್ಲಿ ಹೇಳ್ತು, ಯುಪಿಐ ಕಡೆಯವರು 2025ರ ಏಪ್ರಿಲ್ 1ರಿಂದ ವಾರಕ್ಕೊಂದ್ಸಲವಾದ್ರೂ ಅಪ್‌ಡೇಟ್ ಮಾಡ್ಬೇಕು ಅಂತ ಯುಪಿಐ ನಡೆಸೋ ಸಂಸ್ಥೆ ಎನ್‌ಪಿಸಿಐ ಹೇಳ್ತು. ಒಳ್ಳೇ ಕೆಲಸ. ಆದ್ರೆ ಇದ್ರ ಇನ್ನೊಂದು ಮುಖ ಏನಂದ್ರೆ, ನಂಬರ್ ಹೋದ್ರೆ ನಿಮ್ಮ ಯುಪಿಐ ಕೂಡ ಒಂದಿನ ಇದ್ದಕ್ಕಿದ್ದಂಗೆ ನಿಲ್ಲಬಹುದು, ತರಕಾರಿ ಗಾಡಿ ಮುಂದೆ ನಿಂತಾಗ ಗೊತ್ತಾಗೋ ಬದಲು ಮೊದಲೇ ಬದಲಾಯಿಸ್ಕೊಳ್ಳಿ.

ತೀರಿಕೊಂಡವರ ನಂಬರ್ ಬಗ್ಗೆ ನನ್ನನ್ನ ತುಂಬ ಜನ ಕೇಳ್ತಾರೆ. ತಿಥಿ ಕರ್ಮ ಎಲ್ಲ ಮುಗಿಯೋ ಗಲಾಟೆಯಲ್ಲಿ ರೀಚಾರ್ಜ್ ಯಾರ ತಲೇಲೂ ಇರಲ್ಲ, ಆದ್ರೆ ಬ್ಯಾಂಕ್, ಇನ್ಶೂರೆನ್ಸ್ ಎಲ್ಲ ಕ್ಲೇಮ್ ಮುಗಿಯೋ ತನಕ ಆ ನಂಬರಿಗೆ ಮೆಸೇಜ್ ಬರ್ತಾನೇ ಇರತ್ತೆ. ಅದನ್ನ ಚಾಲೂ ಇಡಿ, ಡೆತ್ ಸರ್ಟಿಫಿಕೇಟ್ ಮತ್ತು ನಿಮ್ಮ ಐಡಿ ತಗೊಂಡು ಕಂಪನಿ ಸ್ಟೋರಿಗೆ ಹೋಗಿ ನಿಮ್ಮ ಹೆಸರಿಗೆ ವರ್ಗಾವಣೆ ಕೇಳಿ. ನಂಬರ್ ಬೇಡವೇ ಬೇಡ ಅಂದ್ರೆ ಎಲ್ಲ ಕಡೆಯಿಂದ ತೆಗೆಸಿದ ಮೇಲೆ ಮಾತ್ರ ಬಿಡಿ.

ನಿಮ್ಮ ಹೆಸರಲ್ಲಿ ಎಷ್ಟು ನಂಬರ್ ಇದೆ ಅಂತ ಟೆಲಿಕಾಂ ಇಲಾಖೆಯ ಸಂಚಾರ್ ಸಾಥಿ ವೆಬ್‌ಸೈಟಲ್ಲಿ ನೋಡಬಹುದು. ಒಬ್ಬರಿಗೆ ನಮ್ಮ ಕಡೆ 9 ಸಿಮ್ ತನಕ ಅವಕಾಶ. ಕಾಲೇಜಲ್ಲಿದ್ದಾಗ ತಗೊಂಡು ಬಿಸಾಕಿದ ಸಿಮ್ ಇನ್ನೂ ನಿಮ್ಮ ಹೆಸರಲ್ಲೇ ಓಡ್ತಿದ್ರೆ ‘ಬೇಡ’ ಅಂತ, ನಿಮ್ಮದೇ ಅಲ್ದೇ ಇದ್ರೆ ‘ನನ್ನದಲ್ಲ’ ಅಂತ ಅಲ್ಲೇ ಗುರುತು ಹಾಕಿ.

‘ಎರಡು ಗಂಟೆಯಲ್ಲಿ ನಿಮ್ಮ ನಂಬರ್ ಬಂದ್ ಆಗತ್ತೆ, 9 ಒತ್ತಿ’ ಅಂತ ಟ್ರಾಯ್ ಹೆಸರಲ್ಲಿ ಕಾಲ್ ಬಂದ್ರೆ ಅದು ಮೋಸ. ಟ್ರಾಯ್ ಯಾರಿಗೂ ಹಾಗೆ ಫೋನ್ ಮಾಡಲ್ಲ. ಏನೂ ಒತ್ತದೆ ಕಟ್ ಮಾಡಿ, ಸಂಚಾರ್ ಸಾಥಿಯ ಚಕ್ಷು ವಿಭಾಗದಲ್ಲಿ ದೂರು ಹಾಕಿ, ದುಡ್ಡು ಹೋಗಿದ್ರೆ ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಕೊನೇದಾಗಿ, ಹೊಸ ಸಿಮ್ ತಗೊಂಡು ಅದಕ್ಕೆ ಬೇರೆಯವರ ಕಾಲ್ ಬರ್ತಿರೋರಿಗೆ. ನಿಮಗೆ ಸಿಕ್ಕಿರೋದು ಯಾರೋ ಕಳ್ಕೊಂಡ ನಂಬರ್. ಬರೋ ಒಟಿಪಿ ಯಾರು ಕೇಳಿದ್ರೂ ಫೋನಲ್ಲಿ ಓದಿ ಹೇಳ್ಬೇಡಿ, ‘ಅದು ನಮ್ಮಪ್ಪನ ಅಕೌಂಟ್’ ಅಂದ್ರೂ ಹೇಳ್ಬೇಡಿ, ನಿಜವಾಗ್ಲೂ ಅವ್ರದ್ದೇ ಆಗಿದ್ರೆ ಬ್ರಾಂಚಿಗೆ ಹೋಗಿ ಬದಲಾಯಿಸ್ಲಿ. ಬ್ಯಾಂಕಿನಿಂದ ಮೆಸೇಜ್ ಬರ್ತಿದ್ರೆ ಆ ಬ್ಯಾಂಕಿನ ಅಧಿಕೃತ ಕಸ್ಟಮರ್ ಕೇರಿಗೆ ಫೋನ್ ಮಾಡಿ ‘ಈ ನಂಬರ್ ಈಗ ನಂದು, ಹಳೇ ಗ್ರಾಹಕರ ಖಾತೆಯಿಂದ ತೆಗೀರಿ’ ಅಂತ ಹೇಳಿ. ಹಳೇ ಮಾಲೀಕರನ್ನ ಹುಡುಕ್ಕೊಂಡು ಫೋನ್ ಮಾಡೋರಿಗೆ ‘ರಾಂಗ್ ನಂಬರ್’ ಅಂತ ಸಿಡುಕದೆ ‘ಈ ನಂಬರ್ ಈಗ ಬೇರೆಯವರಿಗೆ ಬಂದಿದೆ, ಅವ್ರಿಗೆ ತಿಳಿಸ್ಬಿಡಿ’ ಅಂತ ಒಂದು ಮಾತು ಹೇಳಿ. ಆ ರಾಯಚೂರು ಹುಡುಗ ನಾನು ಬ್ಯಾಂಕಿಗೆ ಹೋಗಿ ನಂಬರ್ ಬದಲಾಯಿಸಿ ಬರೋ ತನಕ ನಾಲ್ಕು ದಿನ ಅಮ್ಮನ ಮೆಸೇಜ್ ಯಾವುದನ್ನೂ ಯಾರಿಗೂ ಕಳಿಸ್ಲಿಲ್ಲ, ಆದ್ಮೇಲೆ ಫೋನ್ ಮಾಡಿ ‘ಈಗ ಬರಾದು ನಿಂತದ ನೋಡ್ರಿ, ಅಮ್ಮಾರಿಗೆ ಹೇಳ್ರಿ’ ಅಂದ.